ತಾಳ ತಪ್ಪಿದ ವಂಶಾವಳಿ

ಡಿಸೆಂಬರ್ 17ರ ಬಲಿಪೂಜೆಯೆಂದರೆ ಶುಭಸಂದೇಶ ಓದುವವರ ನಾಲಿಗೆಗೆ ಪರೀಕ್ಷೆ. ಕಥೋಲಿಕ ಚರ್ಚುಗಳಲ್ಲಿ ಅಂದು ಓದುವುದು ಮತ್ತಾಯನ ಮೊದಲ ಪುಟ, ಯೇಸುವಿನ ವಂಶಾವಳಿ. ಅಬ್ರಹಾಮನಿಗೆ ಇಸಾಕ, ಇಸಾಕನಿಗೆ ಯಕೋಬ, ಹೀಗೆ ಹದಿನಾಲ್ಕು ತಲೆಮಾರುಗಳ ಮೂರು ಕಂತು. ಶೆಯಲ್ತಿಯೇಲ, ಜೆರುಬ್ಬಾಬೆಲ ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಆಕಳಿಕೆ ಶುರುವಾಗಿರುತ್ತದೆ.

ಆಕಳಿಸಿದರೂ ಕೊನೆಯ ಹೆಸರಿಗೆ ಕಿವಿಗೊಡಬೇಕು. ಅಪ್ಪ ಮಗನನ್ನು ಪಡೆದ, ಆ ಮಗ ಇನ್ನೊಬ್ಬನನ್ನು ಪಡೆದ ಎಂದು ಒಂದೇ ಲಯದಲ್ಲಿ ಬಂದ ಪಟ್ಟಿ ಜೋಸೆಫನ ಹತ್ತಿರ ತಾಳ ತಪ್ಪುತ್ತದೆ. ಜೋಸೆಫ ಯೇಸುವನ್ನು ಪಡೆದ ಎಂದು ಮತ್ತಾಯ ಬರೆಯುವುದಿಲ್ಲ. ಜೋಸೆಫ ಮರಿಯಳ ಗಂಡ, ಯೇಸು ಹುಟ್ಟಿದ್ದು ಮರಿಯಳಲ್ಲಿ, ಅಷ್ಟೇ. ಕನ್ಯಾಜನನದ ತಿರುಳು ಈ ತಪ್ಪಿದ ತಾಳದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ದಾವೀದನ ಅರಸೊತ್ತಿಗೆ, ಬಾಬಿಲೋನಿನ ಸೆರೆವಾಸ ಎಲ್ಲವನ್ನೂ ಕಂಡ ಮನೆತನ ತನ್ನ ಬಲದಿಂದ ರಕ್ಷಕನನ್ನು ಸಂಪಾದಿಸಲಿಲ್ಲ. ಪವಿತ್ರಾತ್ಮನಿಂದ ಅವನು ದೊರೆತ ಎಂಬುದು ಕ್ರೈಸ್ತರ ನಂಬಿಕೆ.

ದಾಂಪತ್ಯ ಮೈಲಿಗೆ, ಅದಕ್ಕೇ ಹೀಗೆ ಎಂದು ಅರ್ಥ ಹಚ್ಚುವವರಿದ್ದಾರೆ. ಅಂಥವರು ಪಟ್ಟಿಯನ್ನು ಮತ್ತೆ ಓದಲಿ. ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿ: ಊರ ಬಾಯಿಗೆ ಸುಲಭವಾಗಿ ಸಿಗುವಂಥ ಹೆಂಗಸರು. ಮಡಿ ನೋಡುವವನು ಈ ಹೆಸರುಗಳನ್ನು ಬರೆಯುತ್ತಿದ್ದನೆ? ಇನ್ನು ಡಿಸೆಂಬರ್ 8ರ ಅಮಲೋದ್ಭವ ಹಬ್ಬವನ್ನು ಕನ್ಯಾಜನನದೊಂದಿಗೆ ಬೆರೆಸುವುದೂ ಉಂಟು. ಅದು ಮರಿಯಳೇ ತನ್ನ ತಾಯಿಯ ಗರ್ಭದಲ್ಲಿ ಜನ್ಮಪಾಪವಿಲ್ಲದೆ ಮೂಡಿದಳೆಂಬ ವಿಚಾರ, ಬೇರೆಯೇ ಮಾತು.

ಲೂಕನ ಕತೆಯಲ್ಲಿ ಮರಿಯಳಾದರೂ ದೇವದೂತನನ್ನು 'ಇದು ಹೇಗೆ?' ಎಂದು ಕೇಳುತ್ತಾಳೆ, ಆಮೇಲೆ ಒಪ್ಪುತ್ತಾಳೆ. ಜೋಸೆಫನದು ಬರೀ ಮೌನ. ನಾಲ್ಕು ಶುಭಸಂದೇಶಗಳಲ್ಲೂ ಅವನಾಡಿದ ಒಂದು ಮಾತಿಲ್ಲ. ಯೆಹೂದ್ಯರಲ್ಲಿ ನಿಶ್ಚಯವಾದ ಹೆಣ್ಣು ಹೆಂಡತಿಯ ಸಮಾನ. ಸಂಬಂಧ ಮುರಿಯಲು ತ್ಯಾಗಪತ್ರವೇ ಬೇಕು. ಜೋಸೆಫನಿಗೆ ನಿಶ್ಚಯವಾಗಿದ್ದ ಮರಿಯಳು ಕೂಡಿ ಬಾಳುವ ಮುನ್ನವೇ ಬಸುರಿ. ಅವಳ ಮಾನ ಹರಾಜಾಗದಂತೆ ಗುಟ್ಟಾಗಿ ಬಿಟ್ಟುಬಿಡಬೇಕೆಂದು ಯೋಚಿಸಿದ್ದ. ಕನಸಿನಲ್ಲಿ ದೇವದೂತ ಬಂದು, ಮಗು ಪವಿತ್ರಾತ್ಮನಿಂದ ಎಂದ. ಎದ್ದವನು ಅವಳನ್ನು ಮನೆತುಂಬಿಸಿಕೊಂಡ.

ಮುಂದೆ ಅವನ ಪಾಲಿಗೆ ದೂತ ವಹಿಸಿದ್ದ ಕೆಲಸವೊಂದಿತ್ತು, ಮಗುವಿಗೆ ಹೆಸರಿಡುವುದು. ಹೆಸರಿಟ್ಟವನು ಮಗುವನ್ನು ತನ್ನದೆಂದು ಒಪ್ಪಿದಂತೆ. ದಾವೀದನ ಕುಲ ಯೇಸುವಿಗೆ ಸಂದದ್ದು ಹಾಗೆ, ರಕ್ತದಿಂದಲ್ಲ, ಬಡಗಿ ಜೋಸೆಫ ಕರೆದ ಹೆಸರಿನಿಂದ.