ಒಂದು ವಿಕಲೆಯ ಬೆಲೆ

ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ದೊರೆಯುವ ಒಂದು ಪಾಲಿಗೆ ವಿಕಲೆಯೆಂದು ಹೆಸರು. ಕೋನವನ್ನಳೆಯುವಾಗ ಅಷ್ಟು ತಪ್ಪಿದರೆ, 40 ಕಿಲೋಮೀಟರು ದೂರದ ಬೆಟ್ಟದ ತುದಿ ಒಂದು ಗೇಣಿಗೆ ತುಸು ಕಡಿಮೆ ಸರಿದು ನಿಲ್ಲುತ್ತದೆ. ಗೇಣಿಗೇಕೆ ಇಷ್ಟು ಗೋಳು ಎಂದು ಕೇಳುಗರು ನಗಬಹುದು. ನಾಡನ್ನು ತ್ರಿಕೋನಗಳಾಗಿ ಹೆಣೆದು ಅಳೆಯುವವನಿಗೆ ಆ ತಪ್ಪು ಮುಂದಿನ ತ್ರಿಕೋನಕ್ಕೂ ಹರಿಯುತ್ತದೆ.

1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನಳೆದ ವಿಲಿಯಂ ಲ್ಯಾಂಬ್ಟನ್ ಈ ಗೇಣಿಗೂ ಲೆಕ್ಕ ಕೇಳುವ ಮನೋಧರ್ಮದವನು. ಮುಂದೆ ಅವನು ಬಳಸಿದ ಥಿಯೊಡೊಲೈಟು ಅರ್ಧ ಟನ್ನು ತೂಗುತ್ತಿತ್ತು. ಕೋನವೃತ್ತದ ವ್ಯಾಸ ಮೂರು ಅಡಿ. 1808ರಲ್ಲಿ ತಂಜಾವೂರಿನ ದೊಡ್ಡ ದೇಗುಲದ ಗೋಪುರಕ್ಕೆ ಅದನ್ನೇರಿಸುವಾಗ ಹಗ್ಗ ಹರಿದು ಯಂತ್ರ ಗೋಡೆಗೆ ಬಡಿಯಿತು, ವೃತ್ತ ಸೊಟ್ಟಗಾಯಿತು. ಸ್ವಂತ ಹಣದಿಂದ ಇಂಗ್ಲೆಂಡಿಗೆ ಹೊಸದೊಂದನ್ನು ಹೇಳಿಕಳುಹಿಸಿ ಅವನು ಸುಮ್ಮನೆ ಕೂರಲಿಲ್ಲ. ಡೇರೆಯೊಳಗೆ ಆರು ವಾರ ಕುಳಿತು, ತಿರುಪು, ಬೆಣೆ, ರಾಟೆಗಳಿಂದ ಎಳೆದೆಳೆದು ವೃತ್ತವನ್ನು ಮೊದಲಿನ ಆಕಾರಕ್ಕೆ ತಂದನು.

ಇಂಥ ವೃತ್ತ ಸರಿಯಾಯಿತೆಂದು ತಿಳಿಯುವುದೆಂತು? ಒಂದೇ ಕೋನವನ್ನು ಅದರ ಬೇರೆಬೇರೆ ಭಾಗಗಳಲ್ಲಿ ಅಳೆದು ನೋಡಬೇಕು. ಉತ್ತರಗಳು ಬೇರೆಯಾದಷ್ಟೂ ವೃತ್ತದ ಮೇಲೆ ಸಂಶಯ. ಭೂಮಿ ಗುಂಡಗಿರುವುದರಿಂದ ದೊಡ್ಡ ತ್ರಿಕೋನದ ಕೋನಗಳ ಮೊತ್ತ 180 ಡಿಗ್ರಿಗಿಂತ ಕೆಲವು ವಿಕಲೆ ಹೆಚ್ಚು. ಎಷ್ಟು ಹೆಚ್ಚೆಂಬುದನ್ನು ಗಣಿತ ಹೇಳುತ್ತದೆ. ಯಂತ್ರ ಅದನ್ನು ಒಪ್ಪಬೇಕು.

ಆ ವೃತ್ತದೊಡನೆಯೇ ಲ್ಯಾಂಬ್ಟನ್ ಮತ್ತೆ ಬೆಟ್ಟ ಹತ್ತಿದನು.