ಫೀಸಿಗೂ ಮೊದಲು ಬೇಕಾದ ನೆರವು
(ವಿದ್ಯಾರ್ಥಿವೇತನ ವಿತರಣಾ ಸಮಾರಂಭ, ನಿಟ್ಟೂರು: ಭಾಷಣದ ಪಠ್ಯ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.

 

ಹೈಸ್ಕೂಲು ಮಕ್ಕಳಿಗೆ ಇಂಜಿನಿಯರಿಂಗ್ ಓದಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಟ್ರಸ್ಟಿನವರು ಕೇಳಿದ್ದಾರೆ. ಮಕ್ಕಳಿಗೆ ಹೇಳುವುದರ ಜೊತೆಗೆ ದಾನಿಗಳಲ್ಲಿಯೂ ಒಂದು ಕೋರಿಕೆ ಇದೆ. ಅದನ್ನು ಕೊನೆಯಲ್ಲಿ ಇಡುತ್ತೇನೆ.

ಮಕ್ಕಳೇ, ಇಂಜಿನಿಯರ್ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕಂಪ್ಯೂಟರ್ ಮುಂದೆ ಕೂತವರು ಎಂದಷ್ಟೇ ತಿಳಿಯಬೇಡಿ. ನಾವು ಹುಟ್ಟಿದ ತಾಲೂಕೇ ಇಂಜಿನಿಯರಿಂಗ್‌ನ ಒಂದು ದೊಡ್ಡ ಪಾಠಶಾಲೆ. ಚಕ್ರಾ, ಸಾವೆಹಕ್ಲು, ಮಾಣಿ ಅಣೆಕಟ್ಟುಗಳು ಇರುವುದು ಹೊಸನಗರ ತಾಲೂಕಿನಲ್ಲಿಯೇ. ಚಕ್ರಾ, ಸಾವೆಹಕ್ಲುವಿನ ನೀರು ಲಿಂಗನಮಕ್ಕಿಗೆ ಸೇರುತ್ತದೆ. 1964ರಲ್ಲಿ ಪೂರ್ಣಗೊಂಡ ಆ ಜಲಾಶಯದ ನೀರಿನಿಂದ ಶರಾವತಿ ವಿದ್ಯುದಾಗಾರದ 10 ಯಂತ್ರಗಳು ತಿರುಗುತ್ತವೆ. ಅದರ ಸಾಮರ್ಥ್ಯ 1,035 ಮೆಗಾವಾಟ್. ಮಾಣಿಯ ನೀರು ಘಟ್ಟ ಇಳಿದು ಹೊಸಂಗಡಿಯ ಬಳಿ ನೆಲದೊಳಗೆ ಕೊರೆದ ವಾರಾಹಿ ವಿದ್ಯುದಾಗಾರದಲ್ಲಿ 460 ಮೆಗಾವಾಟ್‌ವರೆಗೆ ವಿದ್ಯುತ್ ಕೊಡುತ್ತದೆ.

ಇದೆಲ್ಲ ನಿಮ್ಮ 9ನೇ ತರಗತಿಯ ಪುಸ್ತಕದಲ್ಲಿಯೇ ಇದೆ. ಕೆಲಸ ಮತ್ತು ಶಕ್ತಿಯ ಪಾಠದಲ್ಲಿ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಇವನ್ನು ಗುಣಿಸುವ ಲೆಕ್ಕ ಮಾಡುತ್ತೀರಲ್ಲ? ಸಾವಿರ ಲೀಟರ್ ನೀರು ನೂರು ಮೀಟರ್ ಎತ್ತರದಿಂದ ಇಳಿದರೆ ಸುಮಾರು 9,80,000 ಜೂಲ್ ಶಕ್ತಿ. ಕರೆಂಟ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಎಂದರೆ 36,00,000 ಜೂಲ್. ಅಂದರೆ ಅಷ್ಟು ನೀರಿನಿಂದ ಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಯಂತ್ರದಲ್ಲಿ ಆಗುವ ನಷ್ಟ ಕಳೆದರೆ ಇನ್ನೂ ಕಡಿಮೆ. ಒಂದು ಯೂನಿಟ್‌ಗೆ ಇಷ್ಟು ನೀರು ಬೇಕೆಂದಾದ ಮೇಲೆ ಇಷ್ಟು ದೊಡ್ಡ ಅಣೆಕಟ್ಟು, ಇಷ್ಟು ಎತ್ತರದ ಘಟ್ಟ ಏಕೆ ಬೇಕಾಯಿತು ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ಈ ಲೆಕ್ಕ ಮಾಡಬಲ್ಲ ಹುಡುಗಿ ಇಂಜಿನಿಯರಿಂಗ್‌ನ ಹೊಸ್ತಿಲ ಮೇಲೆಯೇ ನಿಂತಿದ್ದಾಳೆ. ಅದನ್ನು ಅವಳಿಗೆ ಯಾರಾದರೂ ಹೇಳಬೇಕು, ಅಷ್ಟೆ.

ಈ ನೀರಿನಲ್ಲಿ ನಮ್ಮ ಭಾಗದ ಎಷ್ಟೋ ಮನೆ, ಗದ್ದೆ, ತೋಟಗಳು ಮುಳುಗಿದವು. ನೆಲ ಕೊಟ್ಟ ಊರಿನ ಮಕ್ಕಳು ಆ ಯಂತ್ರಗಳನ್ನು ನಡೆಸುವವರೂ, ವಿನ್ಯಾಸ ಮಾಡುವವರೂ ಆಗಬೇಕೆಂದು ಬಯಸುವುದು ನ್ಯಾಯವಾದದ್ದೇ.

ಈಗ ಪೋಷಕರಿಗೆ. ಮಕ್ಕಳ ದಾರಿ ಬಹುಮಟ್ಟಿಗೆ ನಿರ್ಧಾರವಾಗುವುದು ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ನಂತರದ ಕೆಲವೇ ದಿನಗಳಲ್ಲಿ. ಬಸ್ಸು ಸಿಗುವ ಕಾಲೇಜು ಯಾವುದು, ಸ್ನೇಹಿತ ಎಲ್ಲಿ ಸೇರಿದ ಎಂಬುದರ ಮೇಲೆ ವಿಷಯ ಆಯ್ಕೆಯಾಗುತ್ತದೆ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇಲ್ಲದಿದ್ದರೆ ಸಿಇಟಿ ಮೂಲಕ ಇಂಜಿನಿಯರಿಂಗ್‌ಗೆ ಹೋಗುವ ಬಾಗಿಲು ಮುಚ್ಚುತ್ತದೆ. ಎರಡು ವರ್ಷ ಕಳೆದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ. ಆದ್ದರಿಂದ ದಾರಿಗಳನ್ನು ಇವತ್ತೇ ತಿಳಿದುಕೊಳ್ಳಿ.

ಮೊದಲನೆಯದು, 2 ವರ್ಷ ವಿಜ್ಞಾನ ಪಿಯುಸಿ, ನಂತರ 4 ವರ್ಷ ಬಿಇ. ಸಿಇಟಿ ರ‍್ಯಾಂಕಿಗೆ ಪಿಯುಸಿಯ ಅಂಕ ಅರ್ಧ, ಪ್ರವೇಶ ಪರೀಕ್ಷೆಯ ಅಂಕ ಅರ್ಧ. ಎರಡನೆಯದು, ಎಸ್‌ಎಸ್‌ಎಲ್‌ಸಿ ಆದ ಕೂಡಲೇ 3 ವರ್ಷದ ಡಿಪ್ಲೊಮಾ. ಸಾಗರದ ಸಂಜಯ್ ಮೆಮೋರಿಯಲ್ ಪಾಲಿಟೆಕ್ನಿಕ್, ತೀರ್ಥಹಳ್ಳಿಯ ಸಹ್ಯಾದ್ರಿ ಪಾಲಿಟೆಕ್ನಿಕ್ ನಮಗೆ ಹತ್ತಿರದವು. ಹೆಣ್ಣುಮಕ್ಕಳಿಗೆಂದೇ ಶಿವಮೊಗ್ಗದಲ್ಲಿ ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್ ಇದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ. 2 ಕೂಡಿಸು 4 ಆರು. 3 ಕೂಡಿಸು 3 ಕೂಡ ಆರೇ. ಡಿಪ್ಲೊಮಾ ಮಾಡಿದರೆ ವರ್ಷ ಹಾಳು ಎಂಬ ಮಾತಿನಲ್ಲಿ ಹುರುಳಿಲ್ಲ. ಮೇಲಾಗಿ, ಮನೆಯ ಪರಿಸ್ಥಿತಿ ಕೆಟ್ಟರೆ ಮೂರು ವರ್ಷಕ್ಕೇ ಕೈಯಲ್ಲೊಂದು ವಿದ್ಯೆ ಇರುತ್ತದೆ. ಮೂರನೆಯದು ಐಟಿಐ. 2 ವರ್ಷದ ಐಟಿಐ ಮಾಡಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರುವ ಅವಕಾಶವಿದೆ. ಗ್ಯಾರೇಜಿನಲ್ಲಿ ಕೈಪಳಗಿದ ಹುಡುಗನಿಗೂ ಮೇಲೆ ಹತ್ತುವ ಮೆಟ್ಟಿಲು ಇದೆ ಎಂದರ್ಥ.

ಕಾಗದಪತ್ರದ ವಿಷಯವನ್ನು ಸಣ್ಣದೆಂದು ಭಾವಿಸಬೇಡಿ. ಆಧಾರಿನಲ್ಲಿ ಮೊಹಮ್ಮದ್, ಶಾಲಾ ದಾಖಲೆಯಲ್ಲಿ ಮಹಮ್ಮದ್, ಬ್ಯಾಂಕ್ ಪುಸ್ತಕದಲ್ಲಿ ಬರೀ ಎಂಡಿ. ನಮ್ಮ ಮನೆಗಳಲ್ಲಿ ಇದು ಸಾಮಾನ್ಯ. ಆದರೆ ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಕೊಳ್ಳುವುದು ಇಲ್ಲಿಯೇ. 10ನೇ ತರಗತಿಯ ನೋಂದಣಿಗೆ ಮುಂಚೆಯೇ ಹೆಸರು ಸರಿಪಡಿಸಿ. 1ರಿಂದ 10ರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಸಿಇಟಿಯಲ್ಲಿ ಮೀಸಲಾತಿ ಇದೆ. ನಿಟ್ಟೂರಿನ ಸರ್ಕಾರಿ ಶಾಲೆಯ ಬೆಂಚಿನ ಮೇಲೆ ಕೂತದ್ದು ಕೊರತೆಯಲ್ಲ, ಅದೊಂದು ಅರ್ಹತೆ. ವ್ಯಾಸಂಗ ಪ್ರಮಾಣಪತ್ರ, ಜಾತಿ–ಆದಾಯ ಪ್ರಮಾಣಪತ್ರಗಳನ್ನು ಮಳೆಗಾಲಕ್ಕೆ ಮುಂಚೆ ಮಾಡಿಸಿಡಿ.

ತಾಯಂದಿರೇ, ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಅಬ್ದುಲ್ ಕಲಾಂ ಅವರು ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಸೇರಲು ಹಣವಿಲ್ಲದಾಗ ಅಕ್ಕ ಜೊಹರಾ ತಮ್ಮ ಚಿನ್ನದ ಬಳೆ, ಸರ ಅಡವಿಟ್ಟರು. ನಾವು ತಮ್ಮನ ಕಥೆಯನ್ನು ಹೇಳುತ್ತೇವೆ. ಇಂದಿನ ಜೊಹರಾಗೆ ತಾನೇ ಓದುವ ಅವಕಾಶ ಸಿಗಬೇಡವೇ? ಎಐಸಿಟಿಇಯ ಪ್ರಗತಿ ಯೋಜನೆಯಲ್ಲಿ ಆಯ್ಕೆಯಾದ ಹೆಣ್ಣುಮಕ್ಕಳಿಗೆ ಡಿಪ್ಲೊಮಾ ಆಗಲಿ, ಬಿಇ ಆಗಲಿ, ವರ್ಷಕ್ಕೆ 50,000 ರೂಪಾಯಿ ಬರುತ್ತದೆ. ಕುಟುಂಬದ ಆದಾಯ 8 ಲಕ್ಷ ಮೀರಿರಬಾರದು. ದೂರ, ಹಾಸ್ಟೆಲು, ಸುರಕ್ಷತೆ ಇವು ನಿಜವಾದ ಚಿಂತೆಗಳೇ. ಅದಕ್ಕೆ ಉತ್ತರ ಹಾಸ್ಟೆಲನ್ನು ನೀವೇ ಹೋಗಿ ನೋಡಿಬರುವುದು; ಓದು ಬಿಡಿಸುವುದಲ್ಲ.

ಎಲ್ಲರೂ ಇಂಜಿನಿಯರ್ ಆಗಬೇಕೆಂದು ನಾನು ಹೇಳುವುದಿಲ್ಲ. ಇಷ್ಟವಿಲ್ಲದ ಮಗನನ್ನು ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟಿಗೆ ಸೇರಿಸಿ, ಗಣಿತದಲ್ಲಿ ಅವನು ಬಿದ್ದು, ಸಾಲವೊಂದೇ ಮನೆಯಲ್ಲಿ ಉಳಿಯುವುದು ಯಾರಿಗೂ ಬೇಡ. ಗೊತ್ತಿದ್ದೂ ಬೇಡವೆನ್ನುವುದು ಆಯ್ಕೆ. ಗೊತ್ತೇ ಇಲ್ಲದೆ ಬಿಟ್ಟುಹೋಗುವುದು ನಷ್ಟ.

ಇನ್ನು ದಾನಿಗಳಲ್ಲಿ ನನ್ನ ಕೋರಿಕೆ. ವಿದ್ಯಾರ್ಥಿವೇತನ ಎಂದರೆ ಸಾಮಾನ್ಯವಾಗಿ ಸೀಟು ಸಿಕ್ಕ ಮೇಲೆ ರಸೀದಿ ನೋಡಿ ಕೊಡುವ ಹಣ. ಅದು ಒಳ್ಳೆಯ ಕೆಲಸವೇ. ಆದರೆ ಆ ಹಂತ ತಲುಪದೆ ಹೋದ ಮಗು ನಮ್ಮ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ನಿಮ್ಮ ದಾನದ ಒಂದು ಪಾಲು 8, 9, 10ನೇ ತರಗತಿಗೆ ಹೋಗಲಿ. ಒಂದು, ವಾರಕ್ಕೊಮ್ಮೆ ಗಣಿತದ ಪಾಠ. ಎರಡು, ವರ್ಷಕ್ಕೊಮ್ಮೆ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪನ್ನೋ, ಅಡಿಕೆ ಸುಲಿಯುವ ಯಂತ್ರ ತಯಾರಿಸುವ ಘಟಕವನ್ನೋ ಕಣ್ಣಾರೆ ತೋರಿಸುವ ಪ್ರವಾಸ. ಮೂರು, ಫಲಿತಾಂಶದ ವಾರದಲ್ಲಿ ಪೋಷಕರ ಜೊತೆ ಕೂತು ಮಾತನಾಡುವ ಸಭೆ. ನಾಲ್ಕು, ಅರ್ಜಿ ಶುಲ್ಕ, ಕೌನ್ಸೆಲಿಂಗ್ ಓಡಾಟ, ಹಾಸ್ಟೆಲ್ ಮುಂಗಡಕ್ಕೆ ಕರ್ಜೆ ಹಸನಾ. ಸರ್ಕಾರದ ವಿದ್ಯಾರ್ಥಿವೇತನವಾಗಲಿ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವಾಗಲಿ ಕೈಗೆ ಬರಲು ಸಮಯ ಬೇಕು. ಕಾಲೇಜಿನ ಕೊನೆಯ ದಿನಾಂಕ ಕಾಯುವುದಿಲ್ಲ. ಆ ನಡುವಿನ ದಿನಗಳನ್ನು ದಾಟಿಸುವುದು ಚಿಕ್ಕ ಮೊತ್ತ, ಆದರೆ ಸರಿಯಾದ ಹೊತ್ತಿನ ಮೊತ್ತ.

ಇಂಜಿನಿಯರಿಂಗ್ ಓದಿ ಹೊರಗೆ ದುಡಿಯುತ್ತಿರುವ ಊರಿನ ಅಣ್ಣ-ಅಕ್ಕಂದಿರೇ, ನೀವು ಹಣ ಕಳಿಸಿದರೆ ಸಂತೋಷ. ಹಬ್ಬಕ್ಕೆ ಬಂದಾಗ ಶಾಲೆಯಲ್ಲಿ ಒಂದು ಗಂಟೆ ಕೂತು, ನಿಮ್ಮ ಕೆಲಸ ಏನೆಂದು ಕನ್ನಡದಲ್ಲಿ ಹೇಳಿದರೆ ಇನ್ನೂ ಸಂತೋಷ.

ದಾನಿಗಳ ಹಣ ಟ್ರಸ್ಟಿನ ಕೈಯಲ್ಲಿರುವ ಅಮಾನತ್. ಮಗುವಿನ ಬುದ್ಧಿ ನಮ್ಮೆಲ್ಲರ ಕೈಯಲ್ಲಿರುವ ಅಮಾನತ್. ಕಲಿಸಿದ ವಿದ್ಯೆ ಸದಕಾ ಜಾರಿಯಾ, ಕೊಟ್ಟವರು ಹೋದ ಮೇಲೂ ಹರಿಯುತ್ತಿರುತ್ತದೆ. ಅಲ್ಲಾಹನು ದಾನಿಗಳ ಸೇವೆಯನ್ನು ಸ್ವೀಕರಿಸಲಿ, ಈ ಮಕ್ಕಳ ದಾರಿಯನ್ನು ಸುಗಮಗೊಳಿಸಲಿ. ಆಮೀನ್.