ಹಲಸಿನ ಮೇಣ



ಕಳೆದ ಬೇಸಿಗೆಯಲ್ಲಿ ಅಪ್ಪ ಇಂಡಿಯನ್ ಅಂಗಡಿಯಿಂದ ಇಡೀ ಹಲಸಿನ ಹಣ್ಣು ತಂದರು. ಮೆಕ್ಸಿಕೋದಲ್ಲಿ ಬೆಳೆದದ್ದು ಅಂತ ಚೀಟಿ ಅಂಟಿಸಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ನಾನೇ ಕೊಯ್ಯಲು ಹೋದೆ. ಚಾಕು ಅಂಟಿತು, ಬೆರಳಿಗೆ ಬೆರಳು ಅಂಟಿತು. ಮೂರು ಸಲ ಸೋಪು ಹಾಕಿದರೂ ಹೋಗಲಿಲ್ಲ. ಆಗಲೇ ದೊಡ್ಡಬಳ್ಳಾಪುರದಿಂದ ಅಜ್ಜಿಯ ವಿಡಿಯೋ ಕಾಲ್ ಬಂತು. ಮೂಗಿನ ತುದಿಯಿಂದ ಫೋನ್ ಒತ್ತಿದೆ.

ನಿಜ ಹೇಳುತ್ತೇನೆ, ಅಜ್ಜಿಯ ಜೊತೆ ನನ್ನ ಮಾತು ಎರಡೇ ನಿಮಿಷ. "ಊಟ ಆಯ್ತಾ?" "ಆಯ್ತು." ನನ್ನ ಕನ್ನಡ ತಪ್ಪಾದರೆ ಅಂತ ಹೆದರಿ ಫೋನನ್ನು ಅಮ್ಮನಿಗೆ ಕೊಟ್ಟುಬಿಡುತ್ತಿದ್ದೆ. ಅವತ್ತು ಕೊಡಲು ಯಾರೂ ಇರಲಿಲ್ಲ.

"ಅಯ್ಯೋ, ಅದು ಮೇಣ ಕಣೋ! ಮೊದಲು ಕೈಗೆ, ಚಾಕುಗೆ ಎಣ್ಣೆ ಹಚ್ಕೋಬೇಕು."

ನನಗೆ ಗೊತ್ತಿದ್ದದ್ದು ಇಲ್ಲಿ ಕಲಿತ ಮೇಣದಬತ್ತಿ ಮಾತ್ರ. "ಕ್ಯಾಂಡಲ್ ಯಾಕಜ್ಜಿ?" ಅಂದೆ. ಅಜ್ಜಿ ಕೆಮ್ಮು ಬರುವಷ್ಟು ನಕ್ಕರು. ನಾನೂ ನಕ್ಕೆ. ಎಣ್ಣೆ ಹಚ್ಚಿ ತಿಕ್ಕಿದರೆ ಮೇಣ ಬಿಟ್ಟೇಬಿಟ್ಟಿತು! (ಕೆಮಿಸ್ಟ್ರಿಯಲ್ಲಿ ಎ ಗ್ರೇಡ್ ತಗೊಂಡವನಿಗೆ ಇದು ಹೊಳೆದಿರಲಿಲ್ಲ.) ಆಮೇಲೆ ತೊಳೆ ಬಿಡಿಸುವುದು, ತೂಬುಗೆರೆ ಹಲಸು, ತಾತ ಕೆಂಡದಲ್ಲಿ ಬೀಜ ಸುಡುತ್ತಿದ್ದದ್ದು, ಹೀಗೆ ನಲವತ್ತು ನಿಮಿಷ ಮಾತಾಡಿದೆವು.

ಹಣ್ಣು ಅಷ್ಟೇನೂ ಸಿಹಿ ಇರಲಿಲ್ಲ. ಅಜ್ಜಿಗೆ ಹಾಗೇ ಹೇಳಿದೆ.

"ಊರಿಗೆ ಬಾ, ಎಣ್ಣೆ ನಾನಿಟ್ಟಿರ್ತೀನಿ," ಅಂದರು.

ಜೂನ್‌ನಲ್ಲಿ ಹೋಗುತ್ತಿದ್ದೇನೆ.